ಶಾಲೆ ನಡೆಯುವ ದಿನ ಮೇಷ್ಟ್ರು ತರಬೇತಿಗೆ ಹೋಗಬೇಕೇ?

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಸೇವಾನಿರತ ತರಬೇತಿ ಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಸರ್ವ ಶಿಕ್ಷಣ ಅಭಿಯಾನ ವರ್ಷಕ್ಕೆ 20 ದಿನ ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ 50 ಗಂಟೆ ಎಂದಿತು. (ಆ ನೀತಿಯ ಬಗ್ಗೆ ಕರ್ನಾಟಕ ಸರ್ಕಾರಕ್ಕೆ ಇರುವ ಭಿನ್ನಾಭಿಪ್ರಾಯದ ಮಾತು ಬೇರೆ.) ಈ ಗಂಟೆಗಳನ್ನು ಎಲ್ಲಿಂದ ತರಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ. ಮಕ್ಕಳ ಪಾಠದ ದಿನಗಳಿಂದ ತೆಗೆಯಬೇಕೇ, ಬೇಡವೇ? ಎರಡೂ ಕಡೆಯ ವಾದವನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಒಲವು ಎತ್ತ ಎಂಬುದು ಓದುತ್ತಾ ಹೋದಂತೆ ತಿಳಿದುಬಿಡುತ್ತದೆ, ಅದನ್ನು ಮುಚ್ಚಿಡುವ ಉದ್ದೇಶವೂ ಇಲ್ಲ.

ಪರ: ಶಾಲೆಯ ದಿನಗಳಲ್ಲೇ ನಡೆಯಲಿ

ತರಬೇತಿ ಎಂದರೆ ಕೆಲಸ. ಕೆಲಸವನ್ನು ಕೆಲಸದ ದಿನವೇ ಮಾಡಿಸಬೇಕು. ಬ್ಯಾಂಕಿನವರಿಗೆ, ಪೊಲೀಸರಿಗೆ, ಕಂದಾಯ ಇಲಾಖೆಯವರಿಗೆ ತರಬೇತಿ ಕೊಡುವಾಗ ಯಾರೂ ಅವರ ರಜೆಯ ಮೇಲೆ ಕಣ್ಣು ಹಾಕುವುದಿಲ್ಲ. ಶಿಕ್ಷಕರ ವಿಷಯ ಬಂದಾಗ ಮಾತ್ರ "ಅವರಿಗೇನು, ಬೇಸಿಗೆಯಿಡೀ ರಜೆ" ಎಂಬ ಮಾತು ಎದ್ದು ಬರುತ್ತದೆ. ಆ ರಜೆಯಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಇರುತ್ತದೆ, ಚುನಾವಣೆ ಬಂದರೆ ಮತಗಟ್ಟೆ ಇರುತ್ತದೆ, ಬರಗಾಲದ ವರ್ಷ ಬರಪೀಡಿತ ತಾಲ್ಲೂಕಿನಲ್ಲಿ ಬಿಸಿಯೂಟವೂ ಇರುತ್ತದೆ. 2025ರ ದಸರಾ ರಜೆ ಅನೇಕರಿಗೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆ ತಿರುಗುವುದರಲ್ಲೇ ಕಳೆಯಿತು. ಬೇಸಿಗೆ ಮತ್ತು ದಸರಾ ರಜೆ ಇದೆ ಎಂಬ ಕಾರಣಕ್ಕೇ ಶಿಕ್ಷಕರಿಗೆ ಗಳಿಕೆ ರಜೆ ಉಳಿದ ನೌಕರರಿಗಿಂತ ಕಡಿಮೆ. ಅದನ್ನೂ ಕಡಿಮೆ ಮಾಡಿ, ಇದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ?

ಇದು ಹಕ್ಕಿನ ಮಾತಾಯಿತು. ಇದಕ್ಕಿಂತ ಗಟ್ಟಿಯಾದ ಕಾರಣ ಕಲಿಕೆಯಲ್ಲೇ ಇದೆ. ಮೂರನೇ ತರಗತಿಯ ಮಗು 52ರಲ್ಲಿ 27 ಕಳೆದು 35 ಎಂದು ಬರೆಯುತ್ತದೆ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, "ದಶಕ ತೆಗೆದುಕೋ ಎಂದು ಎಷ್ಟು ಸಲ ಹೇಳಲಿ" ಎಂದು ಗದರುವುದು ಸುಲಭ. ಒಳ್ಳೆಯ ತರಬೇತಿಯಲ್ಲಿ ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು ಅರ್ಧ ದಿನ ಕೂರುತ್ತಾರೆ. ಮಗು ಸುಮ್ಮನೆ ಏನೋ ಗೀಚಿಲ್ಲ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಅದಕ್ಕೆ ಅದರದೇ ಒಂದು ನಿಯಮವಿದೆ. ಆ ನಿಯಮ ಒಡೆಯಬೇಕಾದರೆ ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು, ಇದರಲ್ಲಿ 27 ಕಡ್ಡಿ ನನಗೆ ಕೊಡು ಎನ್ನಬೇಕು. ಏಳು ಬಿಡಿ ಕಡ್ಡಿ ಸಿಗದೆ ಮಗು ತಾನಾಗಿ ಒಂದು ಕಟ್ಟಿನ ದಾರ ಬಿಚ್ಚುತ್ತದೆ.

ಇದನ್ನು ಕಲಿತ ಶಿಕ್ಷಕಿ ಸೋಮವಾರ ಬೆಳಿಗ್ಗೆ ತನ್ನ ತರಗತಿಯಲ್ಲಿ ಮಾಡಿ ನೋಡಬಹುದು. ಎಡವಿದರೆ ಮುಂದಿನ ಸುತ್ತಿನಲ್ಲಿ ಬಂದು ಕೇಳಬಹುದು. ಮೇ ತಿಂಗಳ ಸೆಕೆಯಲ್ಲಿ ಕೇಳಿದ್ದು ದಾಖಲಾತಿ, ಪಠ್ಯಪುಸ್ತಕ ವಿತರಣೆ, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧವೆಲ್ಲ ಮುಗಿದು ಪಾಠ ಹಳಿಗೆ ಬರುವ ಹೊತ್ತಿಗೆ ಎಷ್ಟು ನೆನಪಿರುತ್ತದೆ?

ಹೊಸ ಹೊಣೆಗಳೂ ಬರುತ್ತಲೇ ಇವೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದರು. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪಾಠ ಮಾಡಿಕೊಂಡು ಬಂದವರು ಒಂದನೇ ತರಗತಿಗೆ ಇಂಗ್ಲಿಷಿನಲ್ಲಿ ಲೆಕ್ಕ ಹೇಳಿಕೊಡಬೇಕಾಯಿತು. ಅಂಥವರಿಗೆ ಭಾನುವಾರ ಬಿಡುವಾದಾಗ ಕಲಿತುಕೊಳ್ಳಿ ಎನ್ನಲಾದೀತೇ?

ಆನ್‌ಲೈನ್ ಇದೆಯಲ್ಲ ಎನ್ನುವವರಿದ್ದಾರೆ. ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಶಿಕ್ಷಕರಿಗೆಂದೇ ನಿಷ್ಠಾ ತರಬೇತಿ ಕೋರ್ಸುಗಳು ಬಂದಾಗ ಏನಾಯಿತೆಂದು ಶಿಕ್ಷಕರ ಕೊಠಡಿಯಲ್ಲಿ ಕೂತವರಿಗೆಲ್ಲ ಗೊತ್ತು. ಮೊಬೈಲಿನಲ್ಲಿ ವಿಡಿಯೊ ತನ್ನ ಪಾಡಿಗೆ ಓಡುತ್ತಿರುತ್ತದೆ, ಕೈ ಉತ್ತರಪತ್ರಿಕೆ ತಿದ್ದುತ್ತಿರುತ್ತದೆ. ಕೊನೆಯ ಪ್ರಶ್ನೆಗಳ ಉತ್ತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಿಗುತ್ತದೆ. ಪ್ರಮಾಣಪತ್ರ ಬರುತ್ತದೆ.

ಐದು ದಿನ ಶಿಕ್ಷಕರಿಲ್ಲದಿದ್ದರೆ ಮಕ್ಕಳಿಗೆ ನಷ್ಟ, ನಿಜ. ಆದರೆ ಕಳೆಯುವ ಲೆಕ್ಕ ಹೇಳಿಕೊಡಲು ಬಾರದ ಶಿಕ್ಷಕರೊಂದಿಗೆ ಇಡೀ ವರ್ಷ ಕೂರುವುದು ಯಾವ ಲಾಭ? ಇಬ್ಬರೇ ಇರುವ ಶಾಲೆಯ ಕಷ್ಟವನ್ನು ತರಬೇತಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಅದು ಖಾಲಿ ಹುದ್ದೆ ತುಂಬದವರ ತಪ್ಪು.

ವಿರೋಧ: ಪಾಠದ ದಿನಕ್ಕೆ ಕೈ ಹಾಕಬೇಡಿ

ಖಾಲಿ ಹುದ್ದೆ ಯಾರ ತಪ್ಪಾದರೂ ಆಗಲಿ, ಅದರ ಫಲ ಉಣ್ಣುವವರು ಒಂದರಿಂದ ಐದನೇ ತರಗತಿಯ ಮಕ್ಕಳು. ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆಯನ್ನು ನೋಡೋಣ. ಒಂದು ಕೊಠಡಿಯಲ್ಲಿ ನಲಿ-ಕಲಿ: ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ. ಮಕ್ಕಳು ಐದು ಗುಂಪುಗಳಲ್ಲಿ ಕೂತು, ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ಟ್ರೇಯಿಂದ ಕಾರ್ಡು ಎತ್ತಿಕೊಳ್ಳುತ್ತಾರೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದು ಆ ಶಿಕ್ಷಕಿಯ ತಲೆಯಲ್ಲಿರುತ್ತದೆ. ಆಕೆ ಸೋಮವಾರದಿಂದ ಶುಕ್ರವಾರದವರೆಗೆ ತರಬೇತಿಗೆಂದು ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿ.ಆರ್.ಸಿ.) ಹೋದರೆ ಪಕ್ಕದ ಕೊಠಡಿಯ ಮೇಷ್ಟ್ರು ನಾಲ್ಕು, ಐದನ್ನೂ ನೋಡಿ ಇದನ್ನೂ ನೋಡಬೇಕು. ಅವರೇ ಮುಖ್ಯ ಶಿಕ್ಷಕರು. ಹಾಲು ಕಾಯಿಸಿದ್ದಾರೆಯೇ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಅಕ್ಕಿ ಎಷ್ಟು ಉಳಿದಿದೆ, ಮಕ್ಕಳ ಮಾಹಿತಿಯನ್ನು ಆನ್‌ಲೈನ್ ದಾಖಲೆ ಎಸ್.ಎ.ಟಿ.ಎಸ್.ನಲ್ಲಿ ತುಂಬಿದ್ದಾಯಿತೇ ಎಂಬುದೂ ಅವರದೇ ತಲೆನೋವು. ಹಲಗೆಯ ಮೇಲೆ ಕಾಪಿ ಬರೆದು, ದೊಡ್ಡ ಮಕ್ಕಳನ್ನು ಚಿಕ್ಕವರ ಕಾವಲಿಗೆ ಕೂರಿಸುವುದಲ್ಲದೆ ಅವರು ಇನ್ನೇನು ಮಾಡಿಯಾರು?

ದಾಖಲೆಯಲ್ಲಿ ಮಾತ್ರ ಆ ದಿನ ಶಾಲೆ ನಡೆದಿದೆ. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಆಗಬೇಕೆನ್ನುತ್ತದೆ. ಗೇಟು ತೆರೆದಿದ್ದರೆ ದಿನದ ಲೆಕ್ಕ ಸಿಗುತ್ತದೆ, ಗಂಟೆಯ ಲೆಕ್ಕ ಕೇಳುವವರಿಲ್ಲ. ಮೇಲಾಗಿ ಕಿರಿಯ ಪ್ರಾಥಮಿಕದಲ್ಲಿ ಒಬ್ಬರೇ ಎಲ್ಲ ವಿಷಯ ಕಲಿಸುವುದರಿಂದ ಗಣಿತಕ್ಕೂ ಇಂಗ್ಲಿಷಿಗೂ ನಲಿ-ಕಲಿಗೂ ಕರೆ ಬರುವುದು ಅದೇ ಶಿಕ್ಷಕಿಗೆ.

ಕಡ್ಡಿ ಕಟ್ಟಿನ ತರಬೇತಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಎಲ್ಲ ತರಬೇತಿಯೂ ಹಾಗೆ ಇರುತ್ತದೆಯೇ? ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ ಹೇಳಿ, ಕೊನೆಗೆ ತಾಲ್ಲೂಕಿನ ಸಭಾಂಗಣದಲ್ಲಿ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿ ಕೈಪಿಡಿಯನ್ನು ಗಟ್ಟಿಯಾಗಿ ಓದುವ ಹಂತಕ್ಕೆ ಅದು ಇಳಿದಿರುತ್ತದೆ. ಅನುದಾನ ತಡವಾಗಿ ಬಂದು, ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂಬ ಅವಸರದಲ್ಲಿ ಪರೀಕ್ಷೆಯ ಮುಂದೆಯೇ ಶಿಕ್ಷಕರನ್ನು ಎಬ್ಬಿಸಿಕೊಂಡು ಹೋದ ವರ್ಷಗಳನ್ನು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನಗಳ ತರಬೇತಿಗೆ ಒಳ್ಳೆಯ ಹೆಸರಿದೆ. ಒಳ್ಳೆಯದೇ ಇರಲಿ. ಆ 30 ದಿನ ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವರು ಯಾರು?

ಕರ್ನಾಟಕ ಹೆಮ್ಮೆಯಿಂದ ಹೇಳಿಕೊಳ್ಳುವ ನಲಿ-ಕಲಿ ಹುಟ್ಟಿದ್ದು 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಯವರ ಕೆಲಸ ನೋಡಿಬಂದು, ಕಾರ್ಡುಗಳನ್ನು ತಾವೇ ಬರೆದು, ತಮ್ಮ ತರಗತಿಯಲ್ಲೇ ಮಾಡಿ, ತಿದ್ದಿ ಕಟ್ಟಿದರು. ನೋಡಿಬರಲು ಶಾಲೆ ಬಿಟ್ಟು ಹೋಗಲೇಬೇಕಿತ್ತಲ್ಲ ಎಂದು ಪರವಾದಿಗಳು ಕೇಳಬಹುದು. ಹೋದರು, ಒಪ್ಪಿದೆ. ಆದರೆ ಕಲಿಕೆಯ ಬಹುಪಾಲು ನಡೆದದ್ದು ಮಕ್ಕಳ ಎದುರಿಗೆ. ಅದೇ ನಲಿ-ಕಲಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದಾಗ ಕೆಲವೇ ದಿನಗಳ ತರಬೇತಿಯಾಗಿ ಶಿಕ್ಷಕರ ಕೈ ಸೇರಿತು. ಹೆಗ್ಗಡದೇವನಕೋಟೆಯವರಿಗೆ ಅದು ತಮ್ಮ ಕೆಲಸವಾಗಿತ್ತು, ಅನೇಕರಿಗೆ ಮೇಲಿನಿಂದ ಬಂದ ಇನ್ನೊಂದು ಆದೇಶವಾಯಿತು.

ಹಾಗಾದರೆ ತರಬೇತಿ ಶಾಲೆಗೇ ಬರಲಿ. ಸುತ್ತಲಿನ ಕೆಲವು ಶಾಲೆಗಳಿಗೆ ಒಬ್ಬರಂತೆ ಇರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಎಂಬ ಹುದ್ದೆ ಇರುವುದೇ ಅದಕ್ಕೆ. ಇಂದು ಸಿ.ಆರ್.ಪಿ. ಮಾಹಿತಿ ಸಂಗ್ರಹಿಸುವ ಗುಮಾಸ್ತರಾಗಿದ್ದಾರೆ. ಅಂಕಿಅಂಶದ ಕೆಲಸದಿಂದ ಅವರನ್ನು ಬಿಡಿಸಿದರೆ, ಅದೇ 52 ಮತ್ತು 27ರ ಲೆಕ್ಕವನ್ನು ಅದೇ ಮಗುವಿನೊಂದಿಗೆ ಕೂತು ತೋರಿಸಿಕೊಡಬಹುದು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಡೆಸುವ ಸಮಾಲೋಚನಾ ಸಭೆ ಸುತ್ತೋಲೆ ಓದುವುದಕ್ಕಷ್ಟೇ ಮೀಸಲಾಗಬಾರದು. ಗುರುಚೇತನ ಎಂಬ ರಾಜ್ಯದ ತರಬೇತಿ ಕಾರ್ಯಕ್ರಮದಲ್ಲಿ ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳುವ ಅವಕಾಶವಿತ್ತು, ಆ ದಾರಿ ಒಳ್ಳೆಯದಿತ್ತು. ರಜೆಯ ಒಂದು ವಾರ ಬೇಕೇಬೇಕೆಂದರೆ ಅದಕ್ಕೆ ಪ್ರತಿಯಾಗಿ ಗಳಿಕೆ ರಜೆ ಕೊಡಲಿ. ಬಿಟ್ಟಿ ದುಡಿಮೆ ಬೇಡ ಎಂಬ ಪರವಾದಿಗಳ ಮಾತು ನ್ಯಾಯವಾದದ್ದೇ.

ಅತಿಥಿ ಶಿಕ್ಷಕರ ಮಾತನ್ನು ಎರಡೂ ಕಡೆಯವರು ಆಡುವುದಿಲ್ಲ. ಕಾಯಂ ಶಿಕ್ಷಕರು ತರಬೇತಿಗೆ ಹೋದಾಗ ತರಗತಿ ಹಿಡಿದು ನಿಲ್ಲುವವರು ಎಷ್ಟೋ ಕಡೆ ಇವರೇ. ತರಬೇತಿಯ ಪಟ್ಟಿಯಲ್ಲಿ ಇವರ ಹೆಸರು ಕಾಣುವುದು ಅಪರೂಪ.

ಇಷ್ಟಾದರೂ ಶಾಲೆಯ ದಿನವೇ ಕರೆಯುತ್ತೇವೆ ಎಂದರೆ ಒಂದು ಷರತ್ತು ಇರಲಿ. ಶಿಕ್ಷಕಿಯನ್ನು ಬಿಡುಗಡೆ ಮಾಡುವ ಆದೇಶದಲ್ಲೇ, ಆ ದಿನಗಳಲ್ಲಿ ಆಕೆಯ ತರಗತಿಯಲ್ಲಿ ಯಾರಿರುತ್ತಾರೆ ಎಂದು ಹೆಸರು ಹಿಡಿದು ಬರೆಯಬೇಕು. ಆ ಹೆಸರು ಪಕ್ಕದ ಕೊಠಡಿಯ ಮೇಷ್ಟ್ರದಾಗಿರಬಾರದು. ಆ ಜಾಗ ಖಾಲಿ ಬಿಟ್ಟ ಆದೇಶವನ್ನು ಮುಖ್ಯ ಶಿಕ್ಷಕರು ವಾಪಸು ಕಳಿಸಿದರೆ ಅವರಿಗೆ ನೋಟಿಸ್ ಬರಬಾರದು.