ಹಕ್ಕಿ ನೋಡಲು ಹೋಗಿ ಅಕ್ಕನನ್ನು ಕಳೆದುಕೊಂಡದ್ದು

ಪಿಸುಮಾತು ಎಂಬ ವಿದ್ಯೆ ನಮ್ಮ ಮನೆತನಕ್ಕೆ ಒಲಿದಿಲ್ಲವೆಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಅದರ ನಷ್ಟ ಎಷ್ಟೆಂಬುದು ಮೊನ್ನೆ ರವಿವಾರ ಧೂಪದಾಳದ ಹಿನ್ನೀರಿನ ದಂಡೆಯಲ್ಲಿ ನಿಂತಾಗಲೇ ತಿಳಿಯಿತು. ಇದನ್ನು ಬರೆಯುವ ಹೊತ್ತಿಗೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ.

ಗೋಕಾಕ ತಾಲ್ಲೂಕಿನ ಈ ಹಿನ್ನೀರು ಮತ್ತು ಅದರ ಆಸುಪಾಸಿನ ನೆಲ 1974ರಿಂದ ಘಟಪ್ರಭಾ ಪಕ್ಷಿಧಾಮವಾಗಿದೆ. ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡುವ ಕರ್ಕರ ಕೊಕ್ಕರೆಗಳು ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಬೆಳಗಾವಿಯ ನಾವಾದರೋ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು, ಒಂದಿಷ್ಟು ಕರದಂಟು ಕಟ್ಟಿಸಿಕೊಂಡು ಮರಳಿಬಿಡುತ್ತೇವೆ. ಅಲ್ಲಿಂದ ಕೂಗಳತೆಯಲ್ಲಿರುವ ಈ ಅತಿಥಿಗಳತ್ತ ಸುಳಿಯುವುದಿಲ್ಲ. ಕೂಗಳತೆ ಎಂದೆನಲ್ಲ, ಆ ಅಳತೆಯನ್ನು ಮೊನ್ನೆ ನಮ್ಮ ಕಾಕಾ ಪ್ರತ್ಯಕ್ಷ ಪರೀಕ್ಷಿಸಿದರು.

ಬಣ್ಣ ಎದ್ದು ಕಾಣುವ ಬಟ್ಟೆ ಬೇಡವೆಂದಿದ್ದೆ, ಕಾಕು ಕೆಂಪು ಇಳಕಲ್ ಸೀರೆ ಉಟ್ಟರು. ಸಾಮಾನು ಕಡಿಮೆ ಇರಲೆಂದಿದ್ದೆ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಾದೇಲಿಗಳ ಬುತ್ತಿಗಳು ಗಾಡಿಯ ತುಂಬ ಬಂದವು. ಅದೆಲ್ಲವನ್ನೂ ಸಹಿಸಿಕೊಂಡೆ. ಹಕ್ಕಿಗಳ ಎದುರು ಮಾತನಾಡಬಾರದು ಎಂಬ ಒಂದೇ ಷರತ್ತಿಗೆ ಕಾಕಾ, "ಆತು ಬಿಡಪಾ, ಬಾಯಿ ಹೊಲಕೊಂಡು ಕುಂದರತೇನಿ" ಎಂದು ಮಾತು ಕೊಟ್ಟಿದ್ದರು.

ಆಳವಿಲ್ಲದ ನೀರಿನಲ್ಲಿ ಕೊಕ್ಕರೆಗಳು ಗುಂಪಾಗಿ ನಿಂತಿದ್ದವು. ಬೂದು ಮೈ, ಕಪ್ಪು ಕುತ್ತಿಗೆ, ಕಣ್ಣಿನ ಹಿಂದಿನಿಂದ ಇಳಿಬಿದ್ದ ಬಿಳಿ ಗರಿಯ ಕುಚ್ಚು. ಇಷ್ಟನ್ನು ನಾನು ದುರ್ಬೀನಿನಲ್ಲಿ ಹೊಂದಿಸಿಕೊಳ್ಳುತ್ತಿರುವಾಗಲೇ ಕಾಕಾನ ಕಿಸೆಯಲ್ಲಿ ಫೋನು ಮೊಳಗಿತು. ಅತ್ತಲಿಂದ ಊರಿನಲ್ಲಿರುವ, ಕಿವಿ ಮಂದವಾದ ದೊಡ್ಡಪ್ಪ. ಫೋನನ್ನು ಬಂದ್ ಮಾಡಬಹುದಾಗಿತ್ತು. ಕಾಕಾ ಹಾಗೆ ಮಾಡದೆ, ಇಲ್ಲಿ ಮಾತನಾಡಬಾರದೆಂಬುದನ್ನು ಅಣ್ಣನಿಗೆ ಮಾತನಾಡಿಯೇ ತಿಳಿಸಲು ನಿಂತರು.

"ಅಣ್ಣಾ, ಇಲ್ಲಿ ಮಾತಾಡಾಕ ಬರೂದಿಲ್ಲ! ಹಕ್ಕಿ ಹೋಗಿಬಿಡತಾವ!"

"ಯಾರು ಹೋದ್ರು?" ದೊಡ್ಡಪ್ಪನ ದನಿ ಫೋನಿನಿಂದ ಹೊರಬಿದ್ದು ದಂಡೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಯಾರೂ ಹೋಗಿಲ್ಲ! ಹಕ್ಕಿ, ಹಕ್ಕಿ!"

"ಅಕ್ಕ ಹೋದಳಾ? ಯಾವಾಗ?"

"ಅಕ್ಕ ಅಲ್ಲೋ ಅಣ್ಣಾ! ರೆಕ್ಕಿ ಇರತಾವಲ್ಲ, ಹಕ್ಕಿ!" ಎಂದು ಕಾಕಾ ಬಿಡುವಿದ್ದ ಕೈಯನ್ನು ರೆಕ್ಕೆ ಮಾಡಿ ಬಡಿದು ತೋರಿಸಿದರು. ಅದು ದೊಡ್ಡಪ್ಪನಿಗೆ ಕಾಣಲಿಲ್ಲ, ಕೊಕ್ಕರೆಗಳಿಗೆ ಕಂಡಿತು. ಅಷ್ಟೂ ಕೊಕ್ಕರೆಗಳು ಒಮ್ಮೆಗೇ ಎದ್ದವು, ಅವುಗಳ ಹಿಂದೆ ಬಕ, ನೀರುಕಾಗೆಗಳೂ ಎದ್ದವು. ಉಳಿದದ್ದು ಒಂದು ಟಿಟ್ಟಿಭ ಮಾತ್ರ. ಅದು ದೊಡ್ಡಪ್ಪನಿಗಿಂತ ಗಟ್ಟಿಯಾಗಿ ಉತ್ತರ ಕೊಡುತ್ತಿತ್ತು. ಸ್ಪೀಕರ್ ಹಚ್ಚಿ ರೀಲ್ಸ್ ಮಾಡುತ್ತಿದ್ದ ಹುಡುಗರ ಗುಂಪೊಂದು ಹಾಡನ್ನು ನಿಲ್ಲಿಸಿ, "ಕಾಕಾರ, ಸ್ವಲ್ಪ ಸಾವಕಾಶ ಮಾತಾಡ್ರಿ" ಎಂದಾಗ ನನಗೆ ನಿಂತಲ್ಲೇ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಅತ್ತ ದೊಡ್ಡಪ್ಪ ಅಳುತ್ತಾ ಫೋನಿಟ್ಟಿದ್ದರು.

ಬುತ್ತಿ ಬಿಚ್ಚಿದಾಗ ನಾನು ಸುಮ್ಮನಿರಲಿಲ್ಲ. ಹೀಗೆ ಸುಮ್ಮಸುಮ್ಮನೆ ಎಬ್ಬಿಸಿದಾಗಲೆಲ್ಲ ಆ ಜೀವಗಳ ಶಕ್ತಿ ವ್ಯಯವಾಗುತ್ತದೆ, ಬೇಸಿಗೆಗೆ ಮುನ್ನ ಅವು ಮತ್ತೆ ಅಷ್ಟು ದೂರ ಹಾರಿ ಮರಳಬೇಕು ಎಂದು ಭಾಷಣವನ್ನೇ ಬಿಗಿದೆ. ಕಾಕಾ ರೊಟ್ಟಿ ಮುರಿಯುತ್ತಾ, ತಮ್ಮ ದನಿ ಹೀಗಾಗಿದ್ದೇ ಹಕ್ಕಿಗಳಿಂದ ಎಂದರು. ಹಿಂಗಾರಿ ಜೋಳ ತೆನೆಗೆ ಬಂತೆಂದರೆ ಮನೆಯ ಮಕ್ಕಳನ್ನೆಲ್ಲ ಹೊಲದ ಅಟ್ಟಣಿಗೆ ಹತ್ತಿಸುತ್ತಿದ್ದರಂತೆ. ಕೈಯಲ್ಲಿ ಕವಣೆ, ಬಾಯಲ್ಲಿ ಹೊತ್ತು ಮುಳುಗುವವರೆಗೂ "ಹೋ" ಎಂಬ ಕೂಗು. ಗಿಳಿ, ಗುಬ್ಬಿಗಳು ಎದ್ದು ಪಕ್ಕದವರ ಹೊಲಕ್ಕೆ ಹೋದರೆ ಕೂಗಿದ್ದು ಸಾರ್ಥಕ. ಈಗ ಆ ಹೊಲದಲ್ಲಿ ಇದೇ ಧೂಪದಾಳದಿಂದ ಹೊರಡುವ ಕಾಲುವೆಯ ನೀರಿಗೆ ಕಬ್ಬು ನಿಂತಿದೆ. ಕಬ್ಬಿಗೆ ಹಕ್ಕಿ ಕಾಯುವವರು ಬೇಕಿಲ್ಲ. "ದನಿ ಅಷ್ಟ ಉಳೀತು ನೋಡು" ಎಂದು ಕಾಕಾ ಖಾಲಿಯಾದ ನೀರನ್ನು ನೋಡಿದಾಗ, ನನ್ನ ಭಾಷಣದ ಉಳಿದರ್ಧ ಗಂಟಲಲ್ಲೇ ನಿಂತಿತು. ಹಾಗೆಂದು ನಾನು ಕ್ಷಮಿಸಿದೆನೆಂದಲ್ಲ.

ಅಷ್ಟರಲ್ಲಿ ಮುಧೋಳದಿಂದ ಸೋದರತ್ತೆಯ ಫೋನು ಬಂತು. ದೊಡ್ಡಪ್ಪ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಯಾರೋ ಬೀಗರು ಅತ್ತೆಯ ಮನೆಗೇ ಫೋನು ಮಾಡಿ, ಎತ್ತಿಕೊಂಡವರು ಯಾರೆಂದೂ ಕೇಳದೆ, "ಮಣ್ಣು ಎಷ್ಟ ಗಂಟೇಕ?" ಎಂದು ವಿಚಾರಿಸಿದ್ದರಂತೆ. ಎತ್ತಿಕೊಂಡವರು ಸ್ವತಃ ಅತ್ತೆ. ತಾವಿನ್ನೂ ಇದ್ದೇವೆ ಎಂಬುದನ್ನು ಅವರಿಗೆ ನಂಬಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಯಿತೆಂಬುದು ಅತ್ತೆಯ ಮುಖ್ಯ ತಕರಾರು. ಕಾಕಾ ನಡೆದದ್ದನ್ನೆಲ್ಲ, ಈ ಸಲ ಅತ್ಯಂತ ಸ್ಪಷ್ಟವಾಗಿ, ಇಡೀ ಧೂಪದಾಳಕ್ಕೆ ಕೇಳುವಂತೆ ವಿವರಿಸಿದರು.

ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ, "ಯಾವ ಹಕ್ಕಿ ಸಲುವಾಗಿ ನಾ ಸತ್ತೆನೋ, ಆ ಹಕ್ಕಿ ನಾನೂ ನೋಡಬೇಕು, ಬರೋ ರವಿವಾರ ಕರಕೊಂಡ ಹೋಗ್ರಿ" ಎಂದು ಅಪ್ಪಣೆ ಮಾಡಿದ್ದಾರೆ. ದೊಡ್ಡಪ್ಪನೂ ಬರುತ್ತಾರಂತೆ. ಅಟ್ಟಣಿಗೆಯ ಮೇಲೆ ನಿಂತು ಈ ಇಬ್ಬರು ತಮ್ಮಂದಿರಿಗೂ ಕೂಗುವುದನ್ನು ಕಲಿಸಿದವರು ಅತ್ತೆಯೇ ಎಂಬುದನ್ನು ಕಾಕಾ ನನಗೆ ಹೇಳಿದ್ದು ಬೆಳಗಾವಿ ಮುಟ್ಟಿದ ಮೇಲೆ.