ರಟ್ಟು ಹರಿದ ಪುಸ್ತಕಗಳ ಪೆಟ್ಟಿಗೆ

ಕಳೆದ ತಿಂಗಳು ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ಒಂದು ಕೆಫೆಯಲ್ಲಿ ಕಾಫಿಗಾಗಿ ಕಾಯುತ್ತ ಕುಳಿತಿದ್ದಾಗ, ತಲೆಯ ಮೇಲೆ ತೂಗುತ್ತಿದ್ದ ಲ್ಯಾಂಪ್‌ಶೇಡು ಕನ್ನಡ ಪುಸ್ತಕವೊಂದರ ಹಾಳೆಗಳನ್ನು ಮಡಿಸಿ ಮಾಡಿದ್ದೆಂದು ಗೊತ್ತಾಯಿತು. ಕತ್ತೆತ್ತಿ ಓದಿದೆ. ಒಂದು ಮಡಿಕೆಯಲ್ಲಿ ‘ಪ್ರಥಮ ಮುದ್ರಣ’, ಅದರ ಕೆಳಗೆ ‘ಪ್ರತಿಗಳು: 1000’ ಎಂಬಷ್ಟು ಮಾತ್ರ ಕಾಣುತ್ತಿತ್ತು, ಪುಸ್ತಕದ ಹೆಸರು, ಬರೆದವರು, ಇಸವಿ ಎಲ್ಲವೂ ಅಂಟಿನೊಳಗೆ ಸೇರಿಹೋಗಿದ್ದವು. ನೋಡಲು ಚೆನ್ನಾಗಿತ್ತು ಎಂಬುದನ್ನು ಒಪ್ಪಲೇಬೇಕು. ಹಳದಿಗಟ್ಟಿದ ಹಾಳೆಗಳಿಂದ ಸೋಸಿ ಬರುತ್ತಿದ್ದ ಬೆಳಕಿಗೆ ಜೇನಿನ ಬಣ್ಣವಿತ್ತು.

ಮಾಲೀಕರನ್ನು ಮಾತನಾಡಿಸಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಉತ್ಸಾಹಿಗಳು. “ಗುಜರಿಯಿಂದ ತೂಕಕ್ಕೆ ತಂದಿದ್ದು ಸಾರ್. ರಟ್ಟು ಚೆನ್ನಾಗಿರೋದನ್ನ ಶೋಕೇಸಿಗೆ ಇಟ್ಟೆ, ಹರಿದಿದ್ದನ್ನ ದೀಪಕ್ಕೆ ಹಾಕಿದೆ” ಎಂದರು. ನನ್ನ ತಕರಾರು ಇರುವುದು ಈ ವಿಂಗಡಣೆಯ ಬಗ್ಗೆಯೇ ಹೊರತು ಕತ್ತರಿಯ ಬಗ್ಗೆ ಅಲ್ಲ.

ಮುಖಪುಟವನ್ನು ಹಗುರವಾಗಿ ಕಾಣುವವನು ನಾನಲ್ಲ. 1935ರಲ್ಲಿ ಪೆಂಗ್ವಿನ್ ಪ್ರಕಾಶನದವರು ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಎಂದು ಬಣ್ಣ ಹಂಚಿದಾಗ, ರೈಲಿಗೆ ಅವಸರದಲ್ಲಿರುವವನಿಗೂ ದೂರದಿಂದಲೇ ಪುಸ್ತಕದ ಜಾತಕ ತಿಳಿಯುವಂತಾಯಿತು. ಆದರೆ ನಾನು ಹಾಸನದಲ್ಲಿ ಓದಿ ಬೆಳೆದ ಗ್ರಂಥಾಲಯದ ಪುಸ್ತಕಗಳಿಗೆ ಮುಖವೇ ಇರಲಿಲ್ಲ. ಬೈಂಡು ಮಾಡುವವರು ಮೂಲ ಮುಖಪುಟವನ್ನು ಕಿತ್ತು, ಕಪ್ಪನೆಯ ಕ್ಯಾಲಿಕೋ ಬಟ್ಟೆ ಹೊದಿಸಿ, ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ ಬರೆದುಬಿಡುತ್ತಿದ್ದರು. ಕಪಾಟಿನ ಮುಂದೆ ನಿಂತು ನಾಲ್ಕು ಸಾಲು ಓದದ ಹೊರತು ಯಾವುದನ್ನು ಮನೆಗೆ ಒಯ್ಯಬೇಕೆಂದು ತಿಳಿಯುತ್ತಿರಲಿಲ್ಲ. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಕಾಪಾಡಿಕೊಂಡು ಬಂದಿರುವಂಥ ಓಲೆಗರಿಯ ಕಟ್ಟುಗಳೂ ಹಾಗೆಯೇ: ಮೇಲೊಂದು ಕೆಳಗೊಂದು ಮರದ ಹಲಗೆ, ರಂಧ್ರದಲ್ಲಿ ಹಾಯಿಸಿದ ದಾರ. ಒಳಗಿರುವುದು ಪುರಾಣವೋ, ಗಣಿತವೋ, ವೈದ್ಯವೋ ಎಂಬುದು ದಾರ ಬಿಚ್ಚಿ ಗರಿ ತಿರುವಿದವನಿಗೇ ಗೊತ್ತು.

ಪುಸ್ತಕವನ್ನು ಕಲೆಯಾಗಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಮೂರು ಪೆನ್ಸ್ ಚಿಲ್ಲರೆ ಕಾಸಿಗೆ ಸಿಗುವ ಮೊದಲ ಪುಸ್ತಕವನ್ನೇ ಬಳಸುವುದೆಂದು ತೀರ್ಮಾನಿಸಿ, ಲಂಡನ್ನಿನ ಹಳೇ ಸಾಮಾನಿನ ಮಳಿಗೆಯೊಂದರಲ್ಲಿ 1892ರ ಒಂದು ಕಾದಂಬರಿಯನ್ನು ಕೊಂಡರು. ಪ್ರತಿ ಪುಟದ ಮೇಲೂ ಚಿತ್ರ ಬರೆದು, ನಡುನಡುವೆ ಕೆಲವೇ ಪದಗಳನ್ನು ಉಳಿಸಿ, ಆ ಪದಗಳಿಂದಲೇ ಮತ್ತೊಂದು ಕಥೆಯನ್ನು ಹೊರಡಿಸಿದರು. ಅದರ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಆರಿಸುವಾಗ ಅವರೂ ಓದಿರಲಿಲ್ಲ, ನಿಜ. ಆದರೆ ಆರಿಸಿದ ಮೇಲೆ ಐವತ್ತು ವರ್ಷ ಅದನ್ನೇ ಓದುತ್ತಿದ್ದರು. ಆ ಪುಸ್ತಕವನ್ನು ಬರೆದವರೂ ಅಷ್ಟು ಸಲ ಓದಿರಲಾರರು. ದೀಪಕ್ಕೆ ಹಾಳೆ ಮಡಿಸುವ ಕೈಗೆ ಒಂದು ಸಾಲನ್ನಾದರೂ ಓದಬೇಕಾದ ಅಗತ್ಯವಿಲ್ಲ. ಅದಕ್ಕೆ ಬೇಕಾಗಿರುವುದು ಹಳದಿ ಬಣ್ಣವೊಂದೇ.

ಆ ಹಳದಿಯಾದರೂ ಏನು? ಅಗ್ಗದ ಕಾಗದದಲ್ಲಿ ಉಳಿದುಕೊಂಡ ಮರದ ಲಿಗ್ನಿನ್ ಅಂಶವು ಗಾಳಿ ಬೆಳಕಿಗೆ ಸಿಕ್ಕಿ ಬಣ್ಣಗೆಡುತ್ತದೆ. ಕಾಗದದೊಳಗಿನ ಆಮ್ಲ ನಾರನ್ನು ತಿನ್ನುತ್ತ ಹೋಗಿ, ಹಾಳೆ ಹಪ್ಪಳದಂತೆ ಮುರಿಯುತ್ತದೆ. ನಾವು ಪುರಾತನದ ಸೊಬಗೆಂದು ಫೋಟೋ ತೆಗೆಯುತ್ತಿರುವುದು ಕಾಗದದ ಕಾಯಿಲೆಯನ್ನು. ಮಲೆನಾಡಿನಲ್ಲಿ ಇದರ ಮೇಲೆ ಮಳೆಗಾಲದ ಬೂಷ್ಟು, ಗೆದ್ದಲು ಬೇರೆ.

ಸಾವಿರ ಪ್ರತಿ ಅಚ್ಚಾಗಿ ಮರುಮುದ್ರಣ ಕಾಣದ ಎಷ್ಟೋ ಕನ್ನಡ ಪುಸ್ತಕಗಳಿವೆ. ಮನೆ ಬದಲಿಸಿದಾಗ, ಹಿರಿಯರು ತೀರಿಕೊಂಡಾಗ ಅವು ಗುಜರಿಗೆ ಹೋಗುತ್ತವೆ. ಲಕ್ಷಗಟ್ಟಲೆ ಅಚ್ಚಾದ ಗೈಡಿಗೂ ಇಂಥ ಪುಸ್ತಕಕ್ಕೂ ತಕ್ಕಡಿಯಲ್ಲಿ ಭೇದವಿಲ್ಲ. ಕೊಯ್ಯುವವರಿಂದ ನಾನು ನಿರೀಕ್ಷಿಸುವುದು ಇಷ್ಟೇ: ಹರಿದ ರಟ್ಟನ್ನು ಸರಿಸಿ ಮುದ್ರಣದ ವಿವರವಿರುವ ಪುಟವನ್ನು ನೋಡಿ, ನಡುವಿನಿಂದ ಒಂದು ಪುಟ ಓದಿ, ಆ ಹೆಸರಿನ ಪುಸ್ತಕ ಬೇರೆಲ್ಲಾದರೂ ಸಿಗುತ್ತದೆಯೇ ಎಂದು ಫೋನಿನಲ್ಲೇ ಹುಡುಕಿ. ಐದು ನಿಮಿಷದ ಕೆಲಸ. ನಾನೂ ಕೊಯ್ದವನೇ, ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿಸುವ ಹಳೆಯ ಪುಸ್ತಕವೊಂದರ ಹೊಟ್ಟೆ ಕೊರೆದು ಮಗಳಿಗೆ ಬಣ್ಣದ ಪೆನ್ಸಿಲ್ ಪೆಟ್ಟಿಗೆ ಮಾಡಿಕೊಟ್ಟಿದ್ದೇನೆ, ಅದರಿಂದ ಯಾರಿಗೂ ನಷ್ಟವಾಗಿಲ್ಲ.

ಇದನ್ನೆಲ್ಲ ಆ ಕೆಫೆಯವರಿಗೂ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಭಾನುವಾರ ಅವಧಿ ಮೀರಿದ ಪರೀಕ್ಷಾ ಗೈಡುಗಳನ್ನು ಒಂದು ಚೀಲ ತುಂಬ ಒಯ್ದು ಕೊಟ್ಟಾಗ, ದೀಪಕ್ಕೆಂದು ಎತ್ತಿಟ್ಟಿದ್ದ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟು, “ನೋಡಿ ಸಾರ್, ಬೇಕಾದ್ದು ತಗೊಳ್ಳಿ” ಎಂದರು. ಎರಡನ್ನು ತಂದೆ. ಒಂದು ಅಡಿಕೆ ಬೆಳೆಯ ಕೈಪಿಡಿ. ಇನ್ನೊಂದಕ್ಕೆ ರಟ್ಟೂ ಇಲ್ಲ, ಮೊದಲ 16 ಪುಟಗಳೂ ಇಲ್ಲ. 17ನೇ ಪುಟದಲ್ಲಿ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅರಸೀಕೆರೆಯಲ್ಲಿ ರೈಲು ಬದಲಿಸುತ್ತಿದ್ದಾಳೆ. ಅವಳು ಎಲ್ಲಿಂದ ಹೊರಟವಳೆಂದು ನನಗೆ ತಿಳಿಯುವುದು ಸಾಧ್ಯವಿಲ್ಲ. ಈಗ 60ನೇ ಪುಟದಲ್ಲಿದ್ದೇನೆ, ಇನ್ನೂ ಊರು ಮುಟ್ಟಿಲ್ಲ.