ಪಿ.ಡಿ. ಜೇಮ್ಸ್ ಅವರ ನೌಕರಿಯ ಬಗ್ಗೆಯೂ ಬರೆಯಬೇಕಿತ್ತು
ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಾರ್ತಿ ಪಿ.ಡಿ. ಜೇಮ್ಸ್ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಅವರ ನೌಕರಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅವರ ಕಾದಂಬರಿಗಳ ಬೇರು ಇರುವುದೇ ಅಲ್ಲಿ. ವೈದ್ಯರಾಗಿದ್ದ ಗಂಡ ಎರಡನೇ ಮಹಾಯುದ್ಧದಿಂದ ಮಾನಸಿಕ ಕಾಯಿಲೆ ಹೊತ್ತು ಬಂದರು. ಇಬ್ಬರು ಹೆಣ್ಣುಮಕ್ಕಳು. ಸಂಸಾರದ ಭಾರ ಪೂರ್ತಿ ಇವರ ಮೇಲೆ ಬಿತ್ತು. ಲಂಡನ್ನಿನಲ್ಲಿ ಆಸ್ಪತ್ರೆ ಆಡಳಿತದ ಕೆಲಸಕ್ಕೆ ಸೇರಿದರು. ಬೆಳಗ್ಗೆ ಬೇಗ ಎದ್ದು, ಆಫೀಸಿಗೆ ಹೊರಡುವ ಮೊದಲು ಬರೆಯುತ್ತಿದ್ದರು. ಮೊದಲ ಕಾದಂಬರಿ ಬಂದಿದ್ದು 1962ರಲ್ಲಿ, ಆಗಲೇ ನಲವತ್ತು ದಾಟಿತ್ತು.

1971ರ 'ಶ್ರೌಡ್ ಫಾರ್ ಎ ನೈಟಿಂಗೇಲ್' ಕಾದಂಬರಿ ನೋಡಿ. ನರ್ಸಿಂಗ್ ಶಾಲೆ. ರೋಗಿಗೆ ಟ್ಯೂಬಿನಲ್ಲಿ ಹಾಲು ಕೊಡುವುದನ್ನು ಹೇಳಿಕೊಡುತ್ತಿರುತ್ತಾರೆ. ರೋಗಿಯ ಜಾಗದಲ್ಲಿ ಮಲಗಿದ್ದ ವಿದ್ಯಾರ್ಥಿನಿ ಎಲ್ಲರ ಕಣ್ಣೆದುರೇ ಒದ್ದಾಡಿ ಸಾಯುತ್ತಾಳೆ. ಹಾಲಿಗೆ ವಿಷ ಬೆರೆಸಿರುತ್ತಾರೆ. ಆಸ್ಪತ್ರೆಯ ಒಳಗನ್ನು ಬಲ್ಲವರಷ್ಟೇ ಹೀಗೆ ಬರೆಯಬಲ್ಲರು, ಅಲ್ವಾ? 1968ರಲ್ಲಿ ಜೇಮ್ಸ್ ಬ್ರಿಟನ್ನಿನ ಗೃಹ ಇಲಾಖೆಯ ನೌಕರಿಗೆ ಹೋದರು. ಪೊಲೀಸರು, ವಿಧಿವಿಜ್ಞಾನ ಪ್ರಯೋಗಾಲಯಗಳು ಹೇಗೆ ನಡೆಯುತ್ತವೆ ಅಂತ ಹತ್ತಿರದಿಂದ ಕಂಡರು. ಹೆಸರು ಬಂದರೂ 1979ರವರೆಗೆ ನೌಕರಿ ಬಿಡಲಿಲ್ಲ.

ಇನ್ನೊಂದು ಮಾತು. ಲೇಖನದ ತುಂಬ ಅವರ ಕಾದಂಬರಿಗಳ ಪೊಲೀಸ್ ಪತ್ತೇದಾರ ಡಾಲ್ಗ್ಲೀಷ್ ಒಬ್ಬನೇ ಇದ್ದಾನೆ. 1972ರಲ್ಲೇ ಕಾರ್ಡೀಲಿಯಾ ಗ್ರೇ ಎಂಬ 22ರ ಹುಡುಗಿಯನ್ನು ಖಾಸಗಿ ಪತ್ತೇದಾರಿ ಮಾಡಿದವರು ಇವರು. ನನಗಂತೂ ಅವಳೇ ಜಾಸ್ತಿ ಇಷ್ಟ. ದಯವಿಟ್ಟು ಅವಳ ಬಗ್ಗೆಯೂ ಬರೆಯಿರಿ.